ದಮ್ಮು ಹೆಚ್ಚಿಸುವ ಸಪ್ಲಿಮೆಂಟ್: ಕೊಡಗಿನ ಹಾಕಿ ಆಟಗಾರರಿಗೆ, ಓಟಗಾರರಿಗೆ, ಸೈಕಲ್ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಡಬ್ಬಿ ಕೊಳ್ಳುವ ಮೊದಲು ಒಂದು ತೂಕದ ಯಂತ್ರ ಕೊಳ್ಳಿ. ಅಡುಗೆಮನೆಯಲ್ಲಿ ಹಿಟ್ಟು, ಸಕ್ಕರೆ ತೂಗುವ ಸಣ್ಣ ಎಲೆಕ್ಟ್ರಾನಿಕ್ ಯಂತ್ರ ಸಾಕು. ಸ್ಟ್ಯಾಮಿನಾ ಕೊಡುತ್ತದೆಂದು ಮಾರುವ ಪುಡಿ, ಮಾತ್ರೆ, ಪಾನೀಯಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಗಟ್ಟಿ ಪುರಾವೆ ಇರುವವು ಬೆರಳೆಣಿಕೆಯಷ್ಟು: ಕಾರ್ಬೋಹೈಡ್ರೇಟ್, ಉಪ್ಪು, ಕೆಫೀನ್, ಬೀಟ್‌ರೂಟಿನ ನೈಟ್ರೇಟ್. ಕೊರತೆ ಇದ್ದವರಿಗೆ ಮಾತ್ರ ಕಬ್ಬಿಣ ಮತ್ತು ವಿಟಮಿನ್ ಡಿ. ಇವುಗಳಲ್ಲಿ ಹೆಚ್ಚಿನವು ಕೊಡಗಿನ ಮನೆಗಳಲ್ಲಿ ಈಗಾಗಲೇ ಇವೆ. ಎಷ್ಟು ಗ್ರಾಂ, ಯಾವ ಹೊತ್ತಿಗೆ ಎಂಬ ಲೆಕ್ಕ ಮಾತ್ರ ಇಲ್ಲ. ಆ ಲೆಕ್ಕ ಇಲ್ಲಿದೆ. ಉದಾಹರಣೆಗಳೆಲ್ಲ 60 ಕೆ.ಜಿ. ತೂಕದವರಿಗೆ. ನಿಮ್ಮ ತೂಕಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಹಂತ 1: ನಿಮ್ಮ ಆಟ ಎಷ್ಟು ಹೊತ್ತಿನದು?

ಯಾವ ಸಪ್ಲಿಮೆಂಟ್ ಬೇಕೆಂಬುದನ್ನು ಆಟದ ಅವಧಿ ಮತ್ತು ಅದರ ಸ್ವರೂಪ ತೀರ್ಮಾನಿಸುತ್ತವೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಆಡುವವರಿಗೆ ಒಂದು ಪಂದ್ಯ ದೊಡ್ಡ ಹೊರೆಯಲ್ಲ. ಬೇಸಿಗೆಯ ಬಿಸಿಲಲ್ಲಿ ಮತ್ತೆ ಮತ್ತೆ ವೇಗವಾಗಿ ಓಡಬೇಕು, ತಂಡ ಗೆಲ್ಲುತ್ತಾ ಹೋದರೆ ಸ್ವಲ್ಪವೇ ಬಿಡುವಿನಲ್ಲಿ ಮುಂದಿನ ಪಂದ್ಯಕ್ಕೆ ಸಿದ್ಧರಾಗಬೇಕು. ಅವರಿಗೆ ಬೇಕಾದ್ದು ಪಂದ್ಯಗಳ ನಡುವೆ ಬೇಗ ಚೇತರಿಸಿಕೊಳ್ಳುವ ಊಟ, ಉಪ್ಪು, ಸ್ವಲ್ಪ ಕೆಫೀನ್. 1,748 ಮೀಟರ್ ಎತ್ತರದ ತಡಿಯಂಡಮೋಳ್ ಏರಿ ಇಳಿಯುವವರು, 21 ಕಿ.ಮೀ. ಓಡುವವರು, ಕುಶಾಲನಗರದಿಂದ ಮಡಿಕೇರಿಗೆ ಸೈಕಲ್ ತುಳಿಯುವವರು ಗಂಟೆಗಟ್ಟಲೆ ಒಂದೇ ಸಮನೆ ದುಡಿಯುತ್ತಾರೆ. ಅವರಿಗೆ ದಾರಿಯುದ್ದಕ್ಕೂ ಇಂಧನ ಬೇಕು.

ಸ್ನಾಯು ಮತ್ತು ಯಕೃತ್ತಿನಲ್ಲಿ ಸುಮಾರು 400ರಿಂದ 600 ಗ್ರಾಂ ಗ್ಲೈಕೋಜನ್ (ಮೈ ಕೂಡಿಟ್ಟ ಕಾರ್ಬೋಹೈಡ್ರೇಟ್) ಸಂಗ್ರಹ ಇರುತ್ತದೆ. ಜೋರಾಗಿ ದುಡಿದರೆ ಅದು ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ ತಳ ಕಾಣುತ್ತದೆ. ಆದ್ದರಿಂದ 60 ನಿಮಿಷದೊಳಗಿನ ಆಟಕ್ಕೆ ನಡುವೆ ಏನೂ ತಿನ್ನಬೇಕಿಲ್ಲ, ಬಾಯಿ ಒದ್ದೆ ಮಾಡಿಕೊಂಡರೆ ಸಾಕು. ಅದಕ್ಕೂ ಮೀರಿದ ಆಟಕ್ಕೆ ಲೆಕ್ಕ ಬೇಕೇ ಬೇಕು.

ಹಂತ 2: ರಕ್ತ ಪರೀಕ್ಷೆ ಮಾಡಿಸದೆ ಕಬ್ಬಿಣ ನುಂಗಬೇಡಿ

ಚೆನ್ನಾಗಿ ಓಡುತ್ತಿದ್ದವರಿಗೆ ಎರಡು ಮೂರು ತಿಂಗಳಿಂದ ಏರಿನಲ್ಲಿ ಏದುಸಿರು ಬರುತ್ತಿದೆ, ವಿಶ್ರಾಂತಿ ತೆಗೆದುಕೊಂಡರೂ ಸುಸ್ತು ಹೋಗುತ್ತಿಲ್ಲ ಎಂದಾದರೆ ಮೊದಲ ಅನುಮಾನ ಕಬ್ಬಿಣದ ಮೇಲೆ ಹೋಗಬೇಕು. ಮುಟ್ಟಾಗುವ ಹುಡುಗಿಯರಲ್ಲಿ, ಮಾಂಸ ತಿನ್ನದವರಲ್ಲಿ, ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುವವರಲ್ಲಿ ಇದು ತೀರಾ ಸಾಮಾನ್ಯ.

ಬರೀ ಹಿಮೋಗ್ಲೋಬಿನ್ ನೋಡಿದರೆ ಸಾಲದು. ಅದು ಇಳಿಯುವುದು ಕೊನೆಯಲ್ಲಿ, ಅಷ್ಟರೊಳಗೆ ಸಂಗ್ರಹ ಬರಿದಾಗಿರುತ್ತದೆ. ಸಂಪೂರ್ಣ ರಕ್ತ ಪರೀಕ್ಷೆಯ ಜೊತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಬರೆಸಿಕೊಳ್ಳಿ. ಫೆರಿಟಿನ್ ಮಿ.ಲೀ.ಗೆ 30 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಸಂಗ್ರಹ ಖಾಲಿಯಾಗುತ್ತಿದೆ ಎಂದರ್ಥ. ಜ್ವರ, ನೆಗಡಿ ಇದ್ದಾಗ ಅಥವಾ ಕಠಿಣ ಅಭ್ಯಾಸದ ಮರುದಿನ ಪರೀಕ್ಷೆ ಬೇಡ. ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಮೇಲೇರಿ ಎಲ್ಲ ಸರಿಯಿದೆ ಎಂದು ತೋರಿಸುತ್ತದೆ. ಒಂದು ದಿನ ವಿಶ್ರಾಂತಿ ತೆಗೆದುಕೊಂಡು, ಬೆಳಿಗ್ಗೆ ಹೋಗಿ ರಕ್ತ ಕೊಡಿ.

ಹಿಮೋಗ್ಲೋಬಿನ್ ಕಡಿಮೆ ಇದ್ದು ಫೆರಿಟಿನ್ ಸರಿಯಾಗಿದ್ದರೆ ಕಾರಣ ಬೇರೆ ಇದೆ. ಥಲಸ್ಸೀಮಿಯಾ ಅಥವಾ ಸಿಕಲ್ ಸೆಲ್ ಕಾಯಿಲೆಯಂಥ, ಹುಟ್ಟಿನಿಂದಲೇ ಬರುವ ರಕ್ತದ ತೊಂದರೆ ಇರಬಹುದು. ಬುಡಕಟ್ಟು ಸಮುದಾಯಗಳ ಮಕ್ಕಳಿಗೆ ತರಬೇತಿ ಕೊಡುವವರು ಸಿಕಲ್ ಸೆಲ್ ಪರೀಕ್ಷೆಯನ್ನು ಮರೆಯಲೇಬಾರದು. ಸಿಕಲ್ ಸೆಲ್ ಅಂಶ ಇರುವವರು ಬಿಸಿಲಲ್ಲಿ ಶಕ್ತಿಮೀರಿ ಓಡಿದರೆ ಜೀವಕ್ಕೇ ಅಪಾಯ ಬರಬಹುದು. ಅಂಥವರಿಗೆ ಕಬ್ಬಿಣದ ಮಾತ್ರೆಯಲ್ಲ, ವೈದ್ಯರ ಸಲಹೆ ಬೇಕು.

ಕೊರತೆ ಖಚಿತವಾದರೆ ಪ್ರಮಾಣವನ್ನು ವೈದ್ಯರೇ ಹೇಳಲಿ. ನೀವು ನೋಡಿಕೊಳ್ಳಬೇಕಾದ್ದು ಹೊತ್ತು. ಕಬ್ಬಿಣ ಮತ್ತು ಕಾಫಿ ಒಟ್ಟಿಗೆ ಹೊಟ್ಟೆಗೆ ಹೋಗಬಾರದು. ಕಾಫಿ, ಚಹಾದಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ, ಮಾತ್ರೆಯ ಬಹುಪಾಲು ಮಲದಲ್ಲೇ ಹೋಗುತ್ತದೆ. ಮಾತ್ರೆಗೆ ಮೊದಲು ಒಂದು ಗಂಟೆ, ಆಮೇಲೆ ಎರಡು ಗಂಟೆ ಕಾಫಿ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಬೇಕೇ ಬೇಕು ಎನ್ನುವವರು ಮಾತ್ರೆಯನ್ನು ನಡುಹಗಲಿಗೆ ಇಟ್ಟುಕೊಳ್ಳಲಿ. ಜೊತೆಗೆ ಒಂದು ಕಿತ್ತಳೆ ಅಥವಾ ನಿಂಬೆರಸ ಇದ್ದರೆ ಹೀರಿಕೆ ಹೆಚ್ಚುತ್ತದೆ. ಕಠಿಣ ಅಭ್ಯಾಸ ಮುಗಿದ ಮೂರರಿಂದ ಆರು ಗಂಟೆ ಕರುಳು ಕಬ್ಬಿಣವನ್ನು ಒಳಗೆ ಬಿಡುವುದು ಕಡಿಮೆ, ಆ ಹೊತ್ತನ್ನೂ ತಪ್ಪಿಸಿ. ದಿನಕ್ಕೆ ಎರಡು ಮೂರು ಮಾತ್ರೆ ನುಂಗುವುದಕ್ಕಿಂತ ದಿನ ಬಿಟ್ಟು ದಿನ ಒಂದು ತೆಗೆದುಕೊಂಡರೆ ಹೀರಿಕೆಯೂ ಚೆನ್ನ, ಹೊಟ್ಟೆಯುರಿಯೂ ಕಡಿಮೆ. ಇದನ್ನು ವೈದ್ಯರ ಬಳಿ ಕೇಳಿನೋಡಿ. ಎಂಟರಿಂದ ಹನ್ನೆರಡು ವಾರ ಕಳೆದ ಮೇಲೆ ಮತ್ತೆ ಫೆರಿಟಿನ್ ನೋಡಿ ನಿಲ್ಲಿಸಬೇಕು. ಅಗತ್ಯ ಮೀರಿದ ಕಬ್ಬಿಣವನ್ನು ದೇಹ ಹೊರಹಾಕಲಾರದು, ಅದು ಯಕೃತ್ತಿನಲ್ಲಿ ಕೂರುತ್ತದೆ.

ವಿಟಮಿನ್ ಡಿ ವಿಷಯ ಚಿಕ್ಕದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಸಿಲು ಕಾಣುವುದೇ ಅಪರೂಪ, ಕಂಡರೂ ಮೈತುಂಬ ರೇನ್‌ಕೋಟು. ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ. ಮಿ.ಲೀ.ಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು ಸಾಮಾನ್ಯವಾಗಿ 60,000 ಯೂನಿಟ್‌ನ ಪುಡಿಯನ್ನೋ ಗುಳಿಗೆಯನ್ನೋ ವಾರಕ್ಕೊಂದರಂತೆ ಕೆಲವು ವಾರ ಬರೆಯುತ್ತಾರೆ. ಅದನ್ನು ವಾರಕ್ಕೊಂದು ಎನ್ನುವುದರ ಬದಲು ದಿನಕ್ಕೊಂದು ತೆಗೆದುಕೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಂಡು ಆಸ್ಪತ್ರೆ ಸೇರುವವರಿದ್ದಾರೆ. ಚೀಟಿಯನ್ನು ಎರಡು ಸಲ ಓದಿ.

ಹಂತ 3: ಇಂಧನ ತುಂಬುವುದು

ಇಡೀ ಮಾರ್ಗದರ್ಶಿಯಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಒಂದೂವರೆ ಗಂಟೆಗಿಂತ ಉದ್ದದ ಓಟ ಅಥವಾ ಸವಾರಿ ಇದ್ದರೆ ಹಿಂದಿನ 36 ಗಂಟೆ ದಿನಕ್ಕೆ ಕೆ.ಜಿ. ತೂಕಕ್ಕೆ ಸುಮಾರು 10 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಬೇಕು. 60 ಕೆ.ಜಿ.ಯವರಿಗೆ ಅದು 600 ಗ್ರಾಂ. ಕೇಳಲು ಸುಲಭ, ಬರೀ ಅನ್ನದಲ್ಲಿ ತಿನ್ನಲು ಹೋದರೆ ಹೊಟ್ಟೆ ಬಿರಿಯುತ್ತದೆ. ಹೀಗೆ ಹಂಚಿ: ದಿನವಿಡೀ ಸೇರಿ 450 ಗ್ರಾಂ ಅಕ್ಕಿ (ನೂಪುಟ್ಟು, ಕಡಂಬುಟ್ಟು, ಅನ್ನ, ಯಾವ ರೂಪದಲ್ಲಾದರೂ) 350 ಗ್ರಾಂ ಕೊಡುತ್ತದೆ. 100 ಗ್ರಾಂ ಸಕ್ಕರೆ ಅಥವಾ ಬೆಲ್ಲ ಪಾನಕದಲ್ಲಿ, ಕಾಫಿಯಲ್ಲಿ ಹೋಗಲಿ, ಅದು 95. ನಾಲ್ಕು ದೊಡ್ಡ ಬಾಳೆಹಣ್ಣು 100. ಅರ್ಧ ಲೀಟರ್ ಕಿತ್ತಳೆ ರಸ 50. ಲೆಕ್ಕ ಮುಟ್ಟಿತು. ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಿ, ಬೆಂದ ಮೇಲೆ ನೀರಿನ ತೂಕ ಸೇರಿ ದಾರಿ ತಪ್ಪಿಸುತ್ತದೆ.

ಈ ದಿನಗಳಲ್ಲಿ ನಾರಿನಂಶ, ಜಿಡ್ಡು ಕಡಿಮೆ ಇರಲಿ. ಬೈಂಬಳೆ (ಎಳೆ ಬಿದಿರು) ಕರಿ, ಹಲಸು, ಕಾಳಿನ ಪಲ್ಯ ಓಟದ ಹಿಂದಿನ ದಿನಕ್ಕಲ್ಲ. ಪಂದಿಕರಿಯೂ ಅಷ್ಟೆ. ಅದರ ಕೊಬ್ಬು ಹೊಟ್ಟೆಯಿಂದ ಇಳಿಯಲು ಗಂಟೆಗಳು ಬೇಕು, ಹಿಂದಿನ ರಾತ್ರಿ ತಡವಾಗಿ ಹೊಟ್ಟೆತುಂಬ ತಿಂದವರು ಬೆಳಗಿನ ಏರಿನಲ್ಲಿ ತೇಗುತ್ತಾ ನಿಲ್ಲುತ್ತಾರೆ. ಓಟ ಮುಗಿದ ದಿನಕ್ಕೆ ಇಟ್ಟುಕೊಳ್ಳಿ. ಆಗ ಅದರ ಪ್ರೋಟೀನ್, ಸುಲಭವಾಗಿ ಹೀರುವ ಕಬ್ಬಿಣ, ಉಪ್ಪು ಎಲ್ಲ ಬೇಕಾದ್ದೇ. ತೂಕ ಒಂದೆರಡು ಕೆ.ಜಿ. ಏರಿದರೆ ಗಾಬರಿ ಬೇಡ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ, ಏರಿದ್ದು ಆ ನೀರು.

ಆಟದ ದಿನ, ಆಟ ಶುರುವಾಗುವ ಮೂರು ಗಂಟೆ ಮೊದಲು ಕೆ.ಜಿ.ಗೆ 2 ಗ್ರಾಂ, ಅಂದರೆ 120 ಗ್ರಾಂ ಕಾರ್ಬೋಹೈಡ್ರೇಟ್. 100 ಗ್ರಾಂ ಅಕ್ಕಿ ತರಿಯ ಕಡಂಬುಟ್ಟು, ಒಂದು ದೊಡ್ಡ ಬಾಳೆಹಣ್ಣು, ಒಂದು ದೊಡ್ಡ ಚಮಚ ಜೇನು ಇಷ್ಟಾದರೆ ಲೆಕ್ಕ ಸರಿ. ಹಾಕಿ ಆಟಗಾರರಿಗೂ ಇದೇ ಊಟ. ಹೊಟ್ಟೆ ಸೂಕ್ಷ್ಮ ಇರುವವರು ಗಂಜಿಗೆ ಬೆಲ್ಲ ಹಾಕಿ ಕುಡಿಯಬಹುದು.

ದಾರಿಯಲ್ಲಿ ಒಂದರಿಂದ ಎರಡೂವರೆ ಗಂಟೆಯ ಆಟಕ್ಕೆ ಗಂಟೆಗೆ 30ರಿಂದ 60 ಗ್ರಾಂ. ಅದಕ್ಕಿಂತ ಉದ್ದವಾದರೆ 90 ಗ್ರಾಂವರೆಗೆ ಹೋಗಬಹುದು, ಆದರೆ ಗ್ಲೂಕೋಸ್ ಒಂದರಿಂದಲೇ ಅಲ್ಲ. ಗ್ಲೂಕೋಸಿಗೂ ಫ್ರಕ್ಟೋಸಿಗೂ ಕರುಳಿನಲ್ಲಿ ಬೇರೆ ಬೇರೆ ಬಾಗಿಲು. ಗ್ಲೂಕೋಸಿನ ಬಾಗಿಲು ಗಂಟೆಗೆ ಸುಮಾರು 60 ಗ್ರಾಂಗೆ ತುಂಬಿಹೋಗುತ್ತದೆ. ಸಾಮಾನ್ಯ ಸಕ್ಕರೆಯಲ್ಲಿ ಎರಡೂ ಸಮಸಮ ಇರುವುದರಿಂದ ಮನೆಯ ಪಾನಕಕ್ಕೆ ಅದು ಒಳ್ಳೆಯ ಆಯ್ಕೆ. ಜೇನಿನಲ್ಲಿ ಫ್ರಕ್ಟೋಸ್ ಸ್ವಲ್ಪ ಹೆಚ್ಚು, ಒಂದು ದೊಡ್ಡ ಚಮಚಕ್ಕೆ ಸುಮಾರು 17 ಗ್ರಾಂ ಕಾರ್ಬೋಹೈಡ್ರೇಟ್ ಸಿಗುತ್ತದೆ. ಬರೀ ಜೇನನ್ನೇ ನಂಬಿ ಗಂಟೆಗೆ ಮೂರು ನಾಲ್ಕು ಚಮಚ ಹಾಕಿಕೊಂಡರೆ ಕೆಲವರಿಗೆ ಹೊಟ್ಟೆ ಕಲಕುತ್ತದೆ.

ಹಂತ 4: ಬೆವರು ಅಳೆಯಿರಿ, ಪಾನಕ ಬೆರೆಸಿರಿ

ಎಷ್ಟು ಕುಡಿಯಬೇಕೆಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಅಳತೆ ಮಾತ್ರ ಸುಲಭ. ಮೂತ್ರ ಮಾಡಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ಮೈತೂಕದ ಯಂತ್ರದ ಮೇಲೆ ನಿಂತು ತೂಕ ನೋಡಿ. ಒಂದು ಗಂಟೆ ಪಂದ್ಯದ ವೇಗದಲ್ಲೇ ಅಭ್ಯಾಸ ಮಾಡಿ, ಕುಡಿದ ನೀರನ್ನು ಅಳೆದಿಟ್ಟುಕೊಳ್ಳಿ. ಮುಗಿದ ಮೇಲೆ ಮೈ ಒರೆಸಿ ಮತ್ತೆ ತೂಗಿ. 62.0 ಇದ್ದದ್ದು 61.1 ಆಯಿತು, ನಡುವೆ 400 ಮಿ.ಲೀ. ಕುಡಿದಿದ್ದಿರಿ ಎಂದರೆ ಬೆವರು ಹೋದದ್ದು 1.3 ಲೀಟರ್. ಇದನ್ನು ಏಪ್ರಿಲ್ ಮಧ್ಯಾಹ್ನದಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ ಮಾಡಿ. ಮಳೆಗಾಲದಲ್ಲಿ ಬೆವರು ಇಲ್ಲ ಎಂದುಕೊಳ್ಳುವವರು ಪ್ಲಾಸ್ಟಿಕ್ ಜಾಕೆಟ್ಟಿನೊಳಗೆ ಎಷ್ಟು ನೆನೆದಿದ್ದಾರೆಂದು ಆಗ ಗೊತ್ತಾಗುತ್ತದೆ.

ಹೋದದ್ದನ್ನೆಲ್ಲ ತುಂಬಬೇಕಿಲ್ಲ. ತೂಕ ಶೇ. 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಂಡರೆ ಸಾಕು. ಹೆಚ್ಚಿನವರಿಗೆ ಗಂಟೆಗೆ 400ರಿಂದ 800 ಮಿ.ಲೀ. ಹಿಡಿಸುತ್ತದೆ. ಆಟ ಮುಗಿದಾಗ ತೂಕ ಮೊದಲಿಗಿಂತ ಏರಿದ್ದರೆ ಅದು ಅಪಾಯದ ಗುರುತು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದಾಗ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ, ಕೊನೆಗೆ ಮೂರ್ಛೆವರೆಗೆ ಹೋಗಬಹುದು. ಅಂಥವರಿಗೆ ಇನ್ನಷ್ಟು ನೀರು ಕೊಡುವುದೇ ದೊಡ್ಡ ತಪ್ಪು. ನೀರು ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಪಾನಕ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 60 ಗ್ರಾಂ ಸಕ್ಕರೆ, 1.5 ಗ್ರಾಂ ಉಪ್ಪು, ಒಂದು ನಿಂಬೆಹಣ್ಣಿನ ರಸ. ಇದು ಶೇ. 6ರ ದ್ರಾವಣ, ಲೀಟರಿಗೆ ಸುಮಾರು 590 ಮಿ.ಗ್ರಾಂ ಸೋಡಿಯಂ. ಅಳತೆ ಚಮಚದಲ್ಲಾದರೆ 15 ಮಿ.ಲೀ. ಚಮಚದಲ್ಲಿ ತಲೆಮಟ್ಟ ಐದು ಸಕ್ಕರೆ, 5 ಮಿ.ಲೀ. ಚಮಚದ ಕಾಲು ಭಾಗ ಪುಡಿಯುಪ್ಪು. ಅಡುಗೆಮನೆಯ ತೂಕದ ಯಂತ್ರ ಒಂದೂವರೆ ಗ್ರಾಂ ಉಪ್ಪನ್ನು ಸರಿಯಾಗಿ ತೋರಿಸುವುದಿಲ್ಲ. ಹಾಗಾಗಿ 300 ಗ್ರಾಂ ಸಕ್ಕರೆಗೆ 7.5 ಗ್ರಾಂ, ಅಂದರೆ ಒಂದೂಕಾಲು ಟೀ ಚಮಚ ಉಪ್ಪು ಸೇರಿಸಿ ಐದು ಲೀಟರಿನ ಮಿಶ್ರಣ ಮಾಡಿಟ್ಟುಕೊಂಡು ಲೀಟರಿಗೆ ಸುಮಾರು 61 ಗ್ರಾಂ ಹಾಕಿ. ಎರಡನ್ನೂ ಒಟ್ಟಿಗೆ ಮಿಕ್ಸಿಯಲ್ಲಿ ತಿರುವಲೇಬೇಕು. ಹರಳು ಸಕ್ಕರೆಗೆ ಪುಡಿಯುಪ್ಪು ಬೆರೆಸಿಟ್ಟರೆ ಉಪ್ಪು ಡಬ್ಬಿಯ ತಳಕ್ಕೆ ಇಳಿಯುತ್ತದೆ. ಮೊದಲ ಬಾಟಲಿ ಸಪ್ಪೆ, ಕೊನೆಯದು ಸಮುದ್ರದ ನೀರು.

ಶಕ್ತಿ ಹೆಚ್ಚಲಿ ಎಂದು ಸಕ್ಕರೆಯನ್ನು ಎರಡು ಪಟ್ಟು ಹಾಕಬೇಡಿ. ದ್ರಾವಣ ಗಟ್ಟಿಯಾದಷ್ಟೂ ಹೊಟ್ಟೆಯಲ್ಲೇ ಉಳಿಯುತ್ತದೆ, ಕರುಳು ಮೈಯಿಂದಲೇ ನೀರೆಳೆದುಕೊಳ್ಳುತ್ತದೆ. ಹೊಟ್ಟೆಯುಬ್ಬರ, ಭೇದಿ ಎರಡೂ ಬರುತ್ತವೆ. ಇನ್ನಷ್ಟು ಕಾರ್ಬೋಹೈಡ್ರೇಟ್ ಬೇಕಾದರೆ ಬಾಳೆಹಣ್ಣನ್ನೋ ಖರ್ಜೂರವನ್ನೋ ತಿಂದು ಮೇಲೆ ಸಾದಾ ನೀರು ಕುಡಿಯಿರಿ. ಆಟ ಮುಗಿದಾಗ ಟೋಪಿ, ಜೆರ್ಸಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುವವರು ಬೆವರಿನಲ್ಲಿ ಹೆಚ್ಚು ಉಪ್ಪು ಕಳೆದುಕೊಳ್ಳುವವರು. ಅವರು ಲೀಟರಿಗೆ 2 ಗ್ರಾಂವರೆಗೆ ಏರಿಸಬಹುದು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪ್ಪು ಏರಿಸಬಾರದು. ಮೀನಖಂಡ ಹಿಡಿದುಕೊಳ್ಳುವುದಕ್ಕೆ ಉಪ್ಪೊಂದೇ ಕಾರಣವಲ್ಲ. ಅಭ್ಯಾಸಕ್ಕಿಂತ ಜೋರಾಗಿ ಓಡಿ ಸ್ನಾಯು ದಣಿದದ್ದು ಹೆಚ್ಚಿನ ಸಲ ಕಾರಣ.

ಔಷಧಿ ಅಂಗಡಿಯ ಓಆರ್‌ಎಸ್ ಬೇರೆಯದೇ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ ಮಾತ್ರ. ವಾಂತಿ, ಭೇದಿಯಾದಾಗ, ಬಿಸಿಲಿಗೆ ಬಸವಳಿದಾಗ ಅದು ಜೀವ ಉಳಿಸುತ್ತದೆ. ಓಟಕ್ಕೆ ಇಂಧನವಾಗಿ ಅದು ಸಾಲದು. ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಇರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಪೊಟ್ಟಣದ ಮೇಲಿನ ಸೂತ್ರ ಓದಿಯೇ ಕೊಳ್ಳಿ.

ಹಂತ 5: ಕಾಫಿಯನ್ನು ಔಷಧದಂತೆ ಅಳೆಯಿರಿ

ಪುರಾವೆ ಅತಿ ಗಟ್ಟಿಯಾಗಿರುವ ಸಪ್ಲಿಮೆಂಟ್ ಕೆಫೀನ್. ಅದು ಮಿದುಳಿನಲ್ಲಿ ದಣಿವಿನ ಸಂದೇಶವನ್ನು ತಡೆಯುತ್ತದೆ, ಅದೇ ವೇಗ ಹಗುರ ಅನ್ನಿಸುತ್ತದೆ. ಪ್ರಮಾಣ ಕೆ.ಜಿ.ಗೆ 3 ಮಿ.ಗ್ರಾಂ. ಮೊದಲ ಸಲದವರು 2ರಿಂದ ಶುರುಮಾಡಲಿ. 6 ದಾಟಿದರೆ ಲಾಭ ಹೆಚ್ಚುವುದಿಲ್ಲ, ಕೈನಡುಕ, ಎದೆಬಡಿತ, ಹೊಟ್ಟೆ ಕೆಡುವುದು ಮಾತ್ರ ಹೆಚ್ಚುತ್ತವೆ. ಆರೋಗ್ಯವಂತ ವಯಸ್ಕರಿಗೂ ಇಡೀ ದಿನದ ಒಟ್ಟು 400 ಮಿ.ಗ್ರಾಂ ಮೀರದಿರುವುದು ಒಳ್ಳೆಯದು.

60 ಕೆ.ಜಿ.ಯವರಿಗೆ 180 ಮಿ.ಗ್ರಾಂ ಬೇಕು. ಮನೆಯ ಕಾಫಿಯಲ್ಲಿ ಅದು ಎಷ್ಟು? ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ. 1.2, ರೊಬಸ್ಟಾದಲ್ಲಿ ಸುಮಾರು ಶೇ. 2.2. 10 ಗ್ರಾಂ ಶುದ್ಧ ರೊಬಸ್ಟಾ ಪುಡಿಯಲ್ಲಿ 220 ಮಿ.ಗ್ರಾಂ ಇದ್ದು, ಬಿಸಿನೀರಿಗೆ ಇಳಿಯುವುದು 180ರಿಂದ 200. ಅಷ್ಟೇ ಅರೇಬಿಕಾ ಪುಡಿಯಲ್ಲಿ ಹೆಚ್ಚೆಂದರೆ 100. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಆದ್ದರಿಂದ 70:30ರ ಮಿಶ್ರಣದ 10 ಗ್ರಾಂನಲ್ಲಿ ಕಾಫಿ 7 ಗ್ರಾಂ ಅಷ್ಟೆ. ತೋಟದಿಂದ ತಂದು ಮನೆಯಲ್ಲೇ ಹುರಿದು ಪುಡಿ ಮಾಡುವವರಿಗೆ ತಮ್ಮದು ಯಾವುದೆಂದು ಗೊತ್ತಿರುತ್ತದೆ. ಅಂಗಡಿ ಪುಡಿಯಾದರೆ ಪೊಟ್ಟಣದ ಮೇಲೆ ಚಿಕೋರಿಯ ಪಾಲು ಓದಿ.

ಹೀಗಾಗಿ ಪಂದ್ಯಕ್ಕೆ ಒಂದು ಗಂಟೆ ಮೊದಲು 10 ಗ್ರಾಂ ಶುದ್ಧ ರೊಬಸ್ಟಾ ಪುಡಿಯ ಒಂದು ದೊಡ್ಡ ಲೋಟ ಬೆಲ್ಲದ ಕಾಫಿ ಕುಡಿದರೆ ಕೆಫೀನ್ ಲೆಕ್ಕ ಹೆಚ್ಚುಕಡಿಮೆ ಮುಟ್ಟುತ್ತದೆ, 15 ಗ್ರಾಂ ಬೆಲ್ಲದ ಕಾರ್ಬೋಹೈಡ್ರೇಟ್ ಬೋನಸ್ಸು. ಇದು ಅಂದಾಜಿನ ಲೆಕ್ಕ. ಹುರಿದ ಹದ, ಪುಡಿಯ ನಯ, ಕುದಿಸಿದ ಹೊತ್ತು ಎಲ್ಲ ಅದನ್ನು ಏರಿಳಿಸುತ್ತವೆ. ಅದಕ್ಕೇ ಪುಡಿಯನ್ನು ಬದಲಿಸದೆ, ಒಂದೇ ಡಬ್ಬಿಯಿಂದ, ಒಂದೇ ರೀತಿ ಮಾಡಿ. ಕೆಫೀನ್ ಮಾತ್ರೆಯಲ್ಲಿ ಲೆಕ್ಕ ನಿಖರ, ತಪ್ಪಿದಾಗ ಅಪಾಯವೂ ಅಷ್ಟೇ ದೊಡ್ಡದು. ಶುದ್ಧ ಕೆಫೀನ್ ಪುಡಿಯನ್ನು ಚಮಚದಲ್ಲಿ ಅಳೆಯುವ ಸಾಹಸ ಯಾರೂ ಮಾಡಕೂಡದು, ಒಂದೆರಡು ಚಮಚ ಜೀವ ತೆಗೆಯುತ್ತದೆ. ಎನರ್ಜಿ ಡ್ರಿಂಕಿನಲ್ಲಿ ಎಫ್‌ಎಸ್‌ಎಸ್‌ಎಐ ಮಿತಿ ಲೀಟರಿಗೆ 300 ಮಿ.ಗ್ರಾಂ, ಅಂದರೆ 250 ಮಿ.ಲೀ. ಡಬ್ಬಿಯಲ್ಲಿ ಹೆಚ್ಚೆಂದರೆ 75. ಅದಕ್ಕಿಂತ ಮನೆಯ ಕಾಫಿಯೇ ಮೇಲು.

ಕೆಫೀನ್ 2004ರ ಜನವರಿಯಿಂದ ಡೋಪಿಂಗ್ ನಿಷೇಧಿತ ಪಟ್ಟಿಯಲ್ಲಿಲ್ಲ, ಹೆದರಬೇಕಿಲ್ಲ. ಪಂದ್ಯಕ್ಕೆ ಮೊದಲು ವಾರಗಟ್ಟಲೆ ಕಾಫಿ ಬಿಟ್ಟು ಕೂರುವ ಅಗತ್ಯವೂ ಇಲ್ಲ, ತಲೆನೋವು ಮಾತ್ರ ಬರುತ್ತದೆ. ಸಂಜೆ ನಾಲ್ಕರ ಪಂದ್ಯಕ್ಕೆ ಮೂರಕ್ಕೆ ಕುಡಿದ ಕೆಫೀನಿನ ಅರ್ಧ ಪಾಲು ರಾತ್ರಿ ಎಂಟಕ್ಕೂ ಮೈಯಲ್ಲಿರುತ್ತದೆ. ಮರುದಿನ ಬೆಳಿಗ್ಗೆಯೇ ಇನ್ನೊಂದು ಪಂದ್ಯ ಇದ್ದರೆ ಸಂಜೆಯ ಡೋಸ್ ಬಿಟ್ಟುಬಿಡಿ. ಕಳೆದುಕೊಂಡ ನಿದ್ದೆಯನ್ನು ಯಾವ ಸಪ್ಲಿಮೆಂಟೂ ತುಂಬಿಕೊಡುವುದಿಲ್ಲ. 18 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ, ಹೃದಯದ ಬಡಿತ ಏರುಪೇರಾಗುವವರಿಗೆ ಈ ಹಂತವೇ ಬೇಡ.

ಹಂತ 6: ಬೀಟ್‌ರೂಟ್

ಬೀಟ್‌ರೂಟಿನ ನೈಟ್ರೇಟನ್ನು ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಮೈಯೊಳಗೆ ಅದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತದೆ, ಅದೇ ವೇಗಕ್ಕೆ ಆಮ್ಲಜನಕ ಕಡಿಮೆ ಸಾಕಾಗುತ್ತದೆ. ಬೇಕಾದ ಪ್ರಮಾಣ 370ರಿಂದ 500 ಮಿ.ಗ್ರಾಂ ನೈಟ್ರೇಟ್. ಮನೆಯಲ್ಲಿ ಇದಕ್ಕೆ 500ರಿಂದ 600 ಗ್ರಾಂ ಹಸಿ ಬೀಟ್‌ರೂಟ್ ತುರಿದು, ಸ್ವಲ್ಪ ನೀರು ಹಾಕಿ ಮಿಕ್ಸಿಯಲ್ಲಿ ತಿರುವಿ, ಬಟ್ಟೆಯಲ್ಲಿ ಹಿಂಡಿ. ಸುಮಾರು ಅರ್ಧ ಲೀಟರ್ ರಸ ಬರುತ್ತದೆ. ಆಟಕ್ಕೆ ಎರಡೂವರೆ ಗಂಟೆ ಮೊದಲು ಕುಡಿಯಿರಿ. ಮೂರು ದಿನ ಮೊದಲಿಂದಲೇ ದಿನಕ್ಕೊಮ್ಮೆ ಕುಡಿದರೆ ಫಲ ಹೆಚ್ಚು ನಂಬಿಕೆಯದು. ನಿಂಬೆ, ಶುಂಠಿ ಸೇರಿಸಿದರೆ ಮಣ್ಣಿನ ವಾಸನೆ ತಗ್ಗುತ್ತದೆ.

ಕೆಡುವುದು ಎಲ್ಲಿ? ಬೇಯಿಸಿ ನೀರು ಬಸಿದರೆ ನೈಟ್ರೇಟ್ ಆ ನೀರಿನಲ್ಲೇ ಹೋಗುತ್ತದೆ, ಪಲ್ಯದಿಂದ ಈ ಕೆಲಸ ಆಗುವುದಿಲ್ಲ. ಮೌತ್‌ವಾಶ್ ಬಳಸಿದರೆ ಬಾಯಿಯ ಬ್ಯಾಕ್ಟೀರಿಯಾ ಸತ್ತು ರಸ ಕುಡಿದದ್ದೇ ವ್ಯರ್ಥ, ಆ ದಿನಗಳಲ್ಲಿ ಅದನ್ನು ಮುಟ್ಟಬೇಡಿ. ರಸವನ್ನು ಹೊರಗಿಟ್ಟರೆ ಅದರಲ್ಲೇ ನೈಟ್ರೈಟ್ ಹೆಚ್ಚುತ್ತದೆ, ಆಗಿಂದಾಗ ಮಾಡಿ ಕುಡಿಯಿರಿ. ಅಂಗಡಿಯಿಂದ ನೈಟ್ರೇಟ್, ನೈಟ್ರೈಟ್ ರಾಸಾಯನಿಕ ತಂದು ನೀರಿಗೆ ಬೆರೆಸುವ ಯೋಚನೆಯಂತೂ ಬೇಡ, ಸೋಡಿಯಂ ನೈಟ್ರೈಟ್ ವಿಷ.

ಮರುದಿನ ಮೂತ್ರ ಕೆಂಪಾದರೆ ರಕ್ತವೆಂದು ಹೆದರಬೇಡಿ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡವರಿಗೆ ಈ ಬಣ್ಣ ಹೊಸದಲ್ಲ. ಕಿಡ್ನಿಯಲ್ಲಿ ಕಲ್ಲಾದವರಿಗೆ ಬೀಟ್‌ರೂಟಿನ ಆಕ್ಸಲೇಟ್ ಹಿಡಿಸದು. ರಕ್ತದೊತ್ತಡದ ಮಾತ್ರೆ, ಎದೆನೋವಿಗೆ ನೈಟ್ರೋಗ್ಲಿಸರಿನ್ ಬಳಸುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಎಷ್ಟು ಲಾಭ ಎಂದರೆ, ಹವ್ಯಾಸಿ ಓಟಗಾರರಿಗೆ ಶೇ. 1ರಿಂದ 3. ವರ್ಷಗಟ್ಟಲೆ ಪಳಗಿದವರಿಗೆ ಅದಕ್ಕಿಂತ ಕಡಿಮೆ, ಕೆಲವರಿಗೆ ಏನೂ ಇಲ್ಲ.

ಹಂತ 7: ಉಳಿದವುಗಳಲ್ಲಿ ಯಾವುದು ಬೇಕು, ಯಾವುದು ಬೇಡ

ಬೀಟಾ ಅಲನಿನ್ ಒಂದರಿಂದ ನಾಲ್ಕು ನಿಮಿಷದ ಉಸಿರುಗಟ್ಟಿಸುವ ಓಟಗಳಿಗೆ ಒಳ್ಳೆಯದು. ದಿನಕ್ಕೆ 3.2 ಗ್ರಾಂ, 800 ಮಿ.ಗ್ರಾಂನಂತೆ ನಾಲ್ಕು ಸಲ, ಕನಿಷ್ಠ ನಾಲ್ಕು ವಾರ. ಒಟ್ಟಿಗೆ ನುಂಗಿದರೆ ಮುಖ, ಕೈ ಜುಮ್ಮೆನ್ನುತ್ತವೆ. ಅದು ಅಪಾಯವಲ್ಲ, ಆದರೆ ಹಿತವೂ ಅಲ್ಲ. ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಹಾಕಿ ಆಟಗಾರರ ಮತ್ತೆಮತ್ತೆಯ ವೇಗದೋಟಕ್ಕೆ ನೆರವಾಗುತ್ತದೆ. ತೂಕ ಒಂದೆರಡು ಕೆ.ಜಿ. ಏರಿಸುವುದರಿಂದ ಬೆಟ್ಟ ಹತ್ತುವವರಿಗೆ ಹೊರೆ. ಅಡುಗೆ ಸೋಡಾ ಕೂಡ ಪರೀಕ್ಷೆಗಳಲ್ಲಿ ಫಲ ತೋರಿಸಿದೆ, ಆದರೆ 60 ಕೆ.ಜಿ.ಯವರು 18 ಗ್ರಾಂ ನುಂಗಬೇಕು. ಮೈದಾನದ ಬದಿಯಲ್ಲಿ ಶೌಚಾಲಯ ಹುಡುಕುವ ಸ್ಥಿತಿ ಬರುವುದೇ ಹೆಚ್ಚು. ನಮ್ಮ ಸಲಹೆ: ಬಿಟ್ಟುಬಿಡಿ.

ಪ್ರೋಟೀನ್ ದಿನಕ್ಕೆ ಕೆ.ಜಿ.ಗೆ ಸುಮಾರು 1.5 ಗ್ರಾಂ, ಅಂದರೆ 90 ಗ್ರಾಂ. ಮೊಟ್ಟೆ, ಕೋಳಿ, ಮೀನು, ಬೇಳೆ, ಮೊಸರಿನಲ್ಲಿ ಇದು ಸಿಗುತ್ತದೆ. ಸಿಗದ ದಿನ ಮಾತ್ರ ಒಂದು ಸ್ಕೂಪ್ ವೇ (ಹಾಲಿನ ಪ್ರೋಟೀನ್ ಪುಡಿ). ಎರಡು ಪಂದ್ಯಗಳ ನಡುವೆ ನಾಲ್ಕೈದು ಗಂಟೆ ಮಾತ್ರ ಇದ್ದರೆ ಪ್ರೋಟೀನಿಗಿಂತ ಮೊದಲು ಕಾರ್ಬೋಹೈಡ್ರೇಟ್: ಗಂಟೆಗೆ ಕೆ.ಜಿ.ಗೆ 1 ಗ್ರಾಂ, ಜೊತೆಗೆ ಉಪ್ಪು ನೀರು.

ಬಿಸಿಎಎ (ಅಮೈನೋ ಆಮ್ಲಗಳ ಪುಡಿ), ಎಲ್-ಕಾರ್ನಿಟಿನ್‌ಗಳಿಗೆ ಹಣ ಸುರಿಯಬೇಡಿ, ಹೊಟ್ಟೆತುಂಬ ಊಟ ಇರುವವರಿಗೆ ಅವು ಸೇರಿಸುವುದು ಬಹಳ ಕಡಿಮೆ. ದಿನಾ ಒಂದು ಗ್ರಾಂ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ ನುಂಗುವುದು ಉಲ್ಟಾ ಕೆಲಸ. ಅಭ್ಯಾಸದಿಂದ ಸ್ನಾಯು ಕಲಿಯಬೇಕಾದ್ದನ್ನೇ ಅದು ಮೊಂಡಾಗಿಸಬಹುದು. ಕೊಬ್ಬು ಕರಗಿಸುವ ಮಾತ್ರೆಗಳ ಬಗ್ಗೆ ಇಲ್ಲಿಯವರಿಗೆ ವಿಶೇಷವಾಗಿ ಹೇಳಬೇಕು. ಗಾರ್ಸಿನಿಯಾ ಎಂದು ಮಾರುವುದು ನಮ್ಮ ಕಾಚಂಪುಳಿಯ ಹಣ್ಣಿನ ಸಾರವೇ. ಕರಿಗೆ ಒಂದೆರಡು ಚಮಚ ಕಾಚಂಪುಳಿ ಹಾಕುವುದು ಬೇರೆ, ಅದರ ಆಮ್ಲವನ್ನು ಗ್ರಾಂಗಟ್ಟಲೆ ಗುಳಿಗೆಯಲ್ಲಿ ನುಂಗುವುದು ಬೇರೆ. ಆ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ದಾಖಲಾಗಿವೆ.

ಹಂತ 8: ಡೋಪಿಂಗ್ ಬಲೆಗೆ ಬೀಳದಿರಲು

ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡುವವರು, ಕ್ರೀಡಾ ಹಾಸ್ಟೆಲಿನಲ್ಲಿರುವ ಮಕ್ಕಳು ಇದನ್ನು ಬಾಯಿಪಾಠ ಮಾಡಬೇಕು. ಮೈಯಲ್ಲಿ ಸಿಕ್ಕಿದ್ದಕ್ಕೆಲ್ಲ ಆಟಗಾರನೇ ಹೊಣೆ. ಡಬ್ಬಿಯ ಮೇಲೆ ಬರೆದಿರಲಿಲ್ಲ, ಕೋಚ್ ಕೊಟ್ಟರು ಎಂಬ ಮಾತು ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಮುಂದೆ ನಡೆಯುವುದಿಲ್ಲ. ಜಗತ್ತಿನ ಮಟ್ಟದ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ. ಎಫ್‌ಎಸ್‌ಎಸ್‌ಎಐ ಸಂಖ್ಯೆ ಆಹಾರದ ಪರವಾನಗಿ ಮಾತ್ರ, ಡೋಪಿಂಗ್ ವಸ್ತು ಇಲ್ಲವೆಂಬ ಖಾತರಿಯಲ್ಲ. ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಗುರುತು ಇರುವುದನ್ನೇ ಕೊಳ್ಳಿ, ಡಬ್ಬಿಯ ಬ್ಯಾಚ್ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹೊಂದಿಸಿ ನೋಡಿ. ಬಿಲ್, ಬ್ಯಾಚ್ ಸಂಖ್ಯೆಯ ಫೋಟೋ ಇಟ್ಟುಕೊಳ್ಳಿ, ಡಬ್ಬಿಯ ತಳದಲ್ಲಿ ಸ್ವಲ್ಪ ಪುಡಿ ಉಳಿಸಿ. ಚಿಲ್ಲರೆಯಾಗಿ ಕಟ್ಟಿಕೊಡುವ ಪುಡಿ, ಜಿಮ್‌ನಲ್ಲಿ ಗುಟ್ಟಾಗಿ ಕೊಡುವ ಚುಚ್ಚುಮದ್ದು ಎರಡನ್ನೂ ಹತ್ತಿರ ಸೇರಿಸಬೇಡಿ. ದಮ್ಮು ಬರುತ್ತದೆಂದು ಚುಚ್ಚುವ ಮೆಫೆಂಟರ್ಮಿನ್ ರಕ್ತದೊತ್ತಡ ಕುಸಿದ ರೋಗಿಗಳ ಔಷಧ, ಹೃದಯವನ್ನೇ ಕೆಡಿಸುತ್ತದೆ, ಸ್ಪರ್ಧೆಯಲ್ಲಿ ನಿಷೇಧಿತವೂ ಹೌದು.

ಮಳೆಗಾಲದ ಕೆಮ್ಮು ಇನ್ನೊಂದು ಬಲೆ. ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ, ಅದು ಸದಾಕಾಲ ನಿಷೇಧಿತ. ಔಷಧಿ ಅಂಗಡಿಯಲ್ಲಿ ತಾನು ಕ್ರೀಡಾಪಟು ಎಂದು ಮೊದಲೇ ಹೇಳಿ, ನಾಡಾದ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ನೋಡಿ.

ಹಂತ 9: ಆರು ವಾರದ ಪ್ರಯೋಗ

ಪಂದ್ಯದ ದಿನ ಹೊಸದೇನನ್ನೂ ಬಾಯಿಗಿಡಬೇಡಿ. ಆರು ವಾರ ಮೊದಲು ರಕ್ತ ಪರೀಕ್ಷೆ, ಬೆವರಿನ ಅಳತೆ. ಮುಂದಿನ ಎರಡು ವಾರ ಊಟ ಮತ್ತು ಪಾನಕ ಮಾತ್ರ. ಗಂಟೆಗೆ 30 ಗ್ರಾಂನಿಂದ ಶುರುಮಾಡಿ ವಾರಕ್ಕೆ 10ರಂತೆ ಏರಿಸಿ, ಕರುಳಿಗೂ ಅಭ್ಯಾಸ ಬೇಕು. ನಾಲ್ಕನೇ ವಾರ ಕೆಫೀನ್, ಐದನೇ ವಾರ ಬೀಟ್‌ರೂಟ್. ಎರಡನ್ನೂ ಒಂದೇ ದಿನ ಹೊಸದಾಗಿ ಶುರುಮಾಡಿದರೆ ಹೊಟ್ಟೆ ಕೆಟ್ಟಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ಪ್ರತಿ ಸಲ ಒಂದೇ ದಾರಿ, ಒಂದೇ ಹೊತ್ತು. ಸಮಯ, ತೂಕ, ಹೊಟ್ಟೆಯ ಸ್ಥಿತಿ, ರಾತ್ರಿಯ ನಿದ್ದೆ ನಾಲ್ಕನ್ನೂ ಬರೆದಿಡಿ. ಕುಡಿದದ್ದು ಗೊತ್ತಿದ್ದರೆ ನಂಬಿಕೆಯೇ ಅರ್ಧ ಓಡಿಸುತ್ತದೆ. ಆದ್ದರಿಂದ ಒಂದೇ ಓಟ ನೋಡಿ ತೀರ್ಮಾನಿಸದೆ ಎರಡು ಮೂರು ಸಲ ಹೋಲಿಸಿ. ಕೊನೆಯ ವಾರ ಪಂದ್ಯದ ದಿನದ್ದೇ ಪೂರ್ತಿ ತಾಲೀಮು: ಅದೇ ಊಟ, ಅದೇ ಬಾಟಲಿ, ಅದೇ ಗಂಟೆ.

ಇನ್ನು ಪುಡಿಗಳನ್ನು ಇಡುವ ಮಾತು. ಮಳೆಗಾಲದ ತೇವಕ್ಕೆ ಸಕ್ಕರೆ, ವೇ, ಕ್ರಿಯಾಟಿನ್ ಎಲ್ಲವೂ ಗಂಟು ಕಟ್ಟುತ್ತವೆ. ಗಂಟಾದ ಪುಡಿಯ ಒಂದು ಸ್ಕೂಪ್ ಒಮ್ಮೆ ಅರ್ಧ, ಒಮ್ಮೆ ಒಂದೂವರೆ ಆಗುತ್ತದೆ, ಹಾಗಾಗಿ ಸ್ಕೂಪ್ ಬಿಟ್ಟು ತೂಕವನ್ನೇ ನಂಬಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿ, ಒಲೆಯ ಆವಿ ತಾಗದ ಕಡೆ ಇಡಿ, ಒದ್ದೆ ಚಮಚ ಹಾಕಬೇಡಿ. ಪಾನಕದ ಮಿಶ್ರಣವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐದು ಲೀಟರಿಗಿಂತ ಹೆಚ್ಚು ಒಮ್ಮೆಗೆ ಮಾಡಬೇಡಿ. ವೇ ಪುಡಿ ಹುಳಿ ವಾಸನೆ ಬಂದರೆ, ಬಣ್ಣ ತಿರುಗಿದರೆ, ಎಷ್ಟೇ ಬೆಲೆ ಕೊಟ್ಟಿದ್ದರೂ ಎಸೆಯಿರಿ. ಬಾಟಲಿಯ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆದು ಪೂರ್ತಿ ಒಣಗಿಸಿ, ಸಿಹಿ ಪಾನಕದ ಬೂಸ್ಟು ಮೊದಲು ಹಿಡಿಯುವುದು ಅಲ್ಲೇ.